ಹಿಡಿಸದ ಅಣು

“ಹಿಡಸವಲ್ದು ಅಂದ್ರೂ ಯಾಕ ತುರುಕಾಕತ್ತೀರಿ ಅಕ್ಕಾರ?” ನನ್ನ ಬೆನ್ನ ಹಿಂದೆ ನಿಂತು ಕಂಪ್ಯೂಟರ್ ನೋಡುತ್ತಿದ್ದ ಮಲ್ಲಮ್ಮ ಕೇಳಿದರು. ಗಚ್ಚಿಬೌಲಿಯ ನಮ್ಮ ಪ್ರಯೋಗಾಲಯದ ನೆಲ ಒರೆಸುವ ಅವರು ಯಾದಗಿರಿ ಕಡೆಯವರು.

ಪ್ರೋಟೀನ್ ಹರಳಿಗೆ ಎಕ್ಸ್‌ರೇ ಹಾಯಿಸಿ ಲೆಕ್ಕ ಹಾಕಿದರೆ, ಎಲೆಕ್ಟ್ರಾನ್‌ಗಳಿರುವ ಕಡೆ ಮೋಡದಂಥ ಚಿತ್ರ ಮೂಡುತ್ತದೆ. ಅದರ ಆಕಾರ ನೋಡಿ ಅಲ್ಲಿ ಯಾವ ಅಣು ಕೂತಿದೆಯೆಂದು ಗುರುತಿಸುವುದು ನನ್ನ ಕೆಲಸ. ಅಂದು ಒಂದು ಹಸಿರು ಮೋಡ ಯಾವುದಕ್ಕೂ ಹೊಂದುತ್ತಿರಲಿಲ್ಲ. ಎರಡು ವರ್ಷದಿಂದ ಬೆನ್ನು ಬಿದ್ದಿದ್ದ ಔಷಧದ ಅಣುವನ್ನೇ ಅದರೊಳಗೆ ಕೂರಿಸಲು ಹೆಣಗುತ್ತಿದ್ದೆ. ಅರ್ಧ ಅಣು ಮೋಡದಾಚೆ ಚಾಚಿಕೊಂಡಿತ್ತು.

“ಅದೇ ಇರಲಿ ಅಂತ ಆಸೆ ಮಲ್ಲಮ್ಮ” ಎಂದು ನಕ್ಕೆ.

ಅವರು ನಗಲಿಲ್ಲ. “ನನ್ನ ಗಂಡ ದುಡಿಯೋ ಕಾರ್ಖಾನ್ಯಾಗ ಬೆಂಕಿ ಬಿದ್ದಾಗ ಒಂದು ಹೆಣ ತೋರ್ಸಿದ್ರು. ಮಾರಿ ಗುರ್ತು ಸಿಗಲಿಲ್ಲ. ಎತ್ತರ ಅವನಷ್ಟ ಇತ್ತು. ಅನಾಥ ಹೆಣ ಆಗಬಾರದಂತ ಹೂಂ ಅಂದು ಮಣ್ಣು ಮಾಡಿದೆ. ಈಗೂ ಕಾಚಿಗೂಡ ಸ್ಟೇಷನ್ದಾಗ ಅಷ್ಟೆತ್ತರದವ್ರು ಕಂಡ್ರ ಮುಂದ ಓಡಿಹೋಗಿ ಮಾರಿ ನೋಡ್ತೀನ್ರಿ.”

ಆ ಅಣುವನ್ನು ಅಳಿಸಿ, ‘ಗುರುತು ಸಿಕ್ಕಿಲ್ಲ’ ಎಂದು ದಾಖಲಿಸಿದೆ. ನಮ್ಮ ಕಸುಬಿನಲ್ಲಿ ಹಾಗೆ ಬರೆಯಲು ಅವಕಾಶವಿದೆ. ಬಳೆಯಿಲ್ಲದ ಕೈಗಳಿಂದ ಒರೆಸುವ ಬಟ್ಟೆ ಹಿಂಡುತ್ತಿದ್ದ ಮಲ್ಲಮ್ಮನಿಗೆ ಆ ಅವಕಾಶವನ್ನು ಯಾರೂ ಕೊಟ್ಟಿರಲಿಲ್ಲ.