ಅವ್ವ ಅಗೆದ ಗಡ್ಡೆ

ಈಸೂರಿನ ಹತ್ತಿರದ ನನ್ನ ತವರೂರಿನಲ್ಲಿ ಅವ್ವ ಕುರಿ ಮೇಯಿಸುತ್ತಿದ್ದಳು. ಮುಂಗಾರಿನ ಮೊದಲ ಮಳೆ ಬಿದ್ದರೆ ಗೋಮಾಳದಲ್ಲಿ ಹುಲ್ಲಿನ ನಡುವೆ ಹುಲ್ಲಿನಂಥದ್ದೇ ಎಲೆಯ ಒಂದು ಗಿಡ ಏಳುತ್ತಿತ್ತು. ಅವ್ವ ಅದರ ಬುಡವನ್ನು ಕೋಲಿನಿಂದ ಮೀಟಿ, ಬೆಳ್ಳುಳ್ಳಿಯಷ್ಟು ದಪ್ಪದ ಗಡ್ಡೆ ತೆಗೆದು ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದಳು. ಒಲೆಯ ಬಿಸಿ ಬೂದಿಯಲ್ಲಿ ಸುಟ್ಟರೆ ಹಿಟ್ಟುಹಿಟ್ಟಾಗಿ, ಸ್ವಲ್ಪ ಸಿಹಿಯಾಗಿರುತ್ತಿತ್ತು. ನಾವು ಅದಕ್ಕೆ ಬೇರೆ ಹೆಸರಿಟ್ಟಿರಲಿಲ್ಲ. ಗಡ್ಡೆ ಎಂದರೆ ಅದೇ. ಅದೇ ನೆಲದಲ್ಲಿ ಕಾಡು ಈರುಳ್ಳಿಯೂ ಬೆಳೆಯುತ್ತಿತ್ತು. ಅದು ವಿಷ. ಅವ್ವ ನಮ್ಮನ್ನು ಅದರ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ನಾನು ಮದುವೆಯಾಗಿ ಸೊರಬದ ಹೊಸಬಾಳೆಗೆ ಬಂದು ಬಹಳ ವರ್ಷಗಳಾದವು. ಈಚೆಗೆ ಅವ್ವನಿಗೆ ಮರೆವಿನ ಕಾಯಿಲೆ ಹಿಡಿದಿದೆ. ಹೋದ ಬೇಸಿಗೆಯಲ್ಲಿ ಅಣ್ಣ ಫೋನ್ ಮಾಡಿದ.

"ಅವ್ವ ಊಟ ಬಿಟ್ಟಾಳ. ಗಡ್ಡೆ ಬೇಕಂತ ಒಂದೇ ಹಟ. ನೀನರ ಬಂದು ಹೇಳು."

ಹೋದೆ. ಬಾಯಿಗೆ ಇಟ್ಟ ತುತ್ತನ್ನೆಲ್ಲ ಅವಳು ಕೈಯಿಂದ ತಳ್ಳಿದಳು. ಮಳೆ ಬರಲಿ ಎಂದೆ. ಗೆಣಸು ಸುಟ್ಟುಕೊಟ್ಟೆ. ಮೂಸಿ ನೋಡಿ ಅಂಗಳಕ್ಕೆ ಎಸೆದಳು. ಕೊನೆಗೆ, ಬರಡು ನೆಲವನ್ನು ಕಣ್ಣಾರೆ ಕಂಡರೆ ಸುಮ್ಮನಾಗಬಹುದೆಂದು ನಾನೂ ಅಣ್ಣನೂ ಅವಳನ್ನು ಕುರಿಗಳ ಜೊತೆಗೇ ಗೋಮಾಳಕ್ಕೆ ಕರೆದೊಯ್ದೆವು.

ಅಲ್ಲಿ ಒಂದು ಹಸಿರು ಎಲೆಯೂ ಇರಲಿಲ್ಲ. ಆದರೆ ಅವ್ವನ ಮುಖ ಅರಳಿತು. ನಡೆಯುವಾಗ ನಡುಗುವ ಕಾಲು ಅಲ್ಲಿ ನಡುಗಲಿಲ್ಲ. ಕುರಿಗಳು ಪಕ್ಕದ ಹೊಲಕ್ಕೆ ನುಗ್ಗಿದವೆಂದು ಅಣ್ಣ ಅತ್ತ ಓಡಿದ. ಅಡ್ಡ ಬಂದ ಟಗರನ್ನು ತಿರುಗಿಸಲು ನಾನೂ ನಾಲ್ಕು ಹೆಜ್ಜೆ ಹೋದೆ. ತಿರುಗಿ ನೋಡಿದರೆ ಅವ್ವ ಕೂತು ಕೋಲಿನಿಂದ ನೆಲ ಕೆದರಿ, ಮುಷ್ಟಿಗಾತ್ರದ ಬಿಳಿ ಗಡ್ಡೆಯೊಂದನ್ನು ಎತ್ತಿದ್ದಳು.

"ಅವ್ವಾ, ಅದಲ್ಲ! ಕಾಡು ಈರುಳ್ಳಿ ಅದು, ಬಿಸಾಕು!" ಎಂದು ಕೂಗುತ್ತ ಓಡಿದೆ.

ನನ್ನ ಕಡೆ ನೋಡಿ ನಗುತ್ತಲೇ ಕಚ್ಚಿದಳು. ನಾನು ಅವಳ ಬಾಯಿಗೆ ಬೆರಳು ಹಾಕಿ ತೆಗೆದೆ. ಅಷ್ಟರಲ್ಲಿ ಒಂದಿಷ್ಟು ಒಳಗೆ ಹೋಗಿತ್ತು.

"ನನ್ನ ಬಾಯಾಗಿಂದು ಕಿತ್ಕೊಂತಿ? ಯಾರೇ ನೀನು?" ಎಂದು ಅತ್ತಳು.

ಶಿಕಾರಿಪುರದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಆಟೋದಲ್ಲಿ ವಾಂತಿ ಮಾಡಿಕೊಂಡಳು. ಡಾಕ್ಟರು ಡ್ರಿಪ್ ಹಾಕಿದರು. ಹೆಚ್ಚು ನುಂಗಿಲ್ಲ, ಉಳೀತಾರೆ ಎಂದರು. ಅಣ್ಣ ಹೊರಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದ.

"ಮರೆವಿಗೆ ಏನಾರ ಔಷಧ ಐತೇನ್ರೀ?" ಎಂದು ಡಾಕ್ಟರು ಹೊರಗೆ ಬಂದಾಗ ಕೇಳಿದ.

"ಹಿಂದಿನ ಹಾಗೆ ಮಾಡೋ ಔಷಧ ಇಲ್ಲ. ಒಬ್ಬರನ್ನೇ ಬಿಡಬೇಡಿ," ಎಂದರು ಡಾಕ್ಟರು.

ಅವ್ವ ಮನೆಗೆ ಬಂದಳು. ಗಂಜಿ ಕುಡಿಯತೊಡಗಿದಳು. ಈಗ ಅತ್ತಿಗೆ ಅಂಗಳದ ಗೇಟಿಗೆ ಸರಪಳಿ ಹಾಕಿರುತ್ತಾಳೆ. ಕುರಿಗಳು ಹೊರಡುವ ಹೊತ್ತಿಗೆ ಅವ್ವ ಗೇಟಿನ ಹತ್ತಿರ ಬಂದು ನಿಂತು, ದಾರಿಯಲ್ಲಿ ಹೋಗುವವರನ್ನೆಲ್ಲ "ಸ್ವಲ್ಪ ತೆಗೀರಿ" ಎಂದು ಬೇಡುತ್ತಾಳಂತೆ. ಮೊನ್ನೆ ನಾನು ಹೋದಾಗ ನನ್ನನ್ನೂ ಬೇಡಿದಳು. ನಾನು ಅವಳ ಕೈ ಹಿಡಿದುಕೊಂಡು, ಸರಪಳಿ ತೆಗೆಯದೆ, ಅವಳ ಜೊತೆ ಈಚೆಗೇ ನಿಂತಿದ್ದೆ.