ಹತ್ತೊಂಬತ್ತನೇ ನಂಬರಿನ ರಕ್ತ

ರಕ್ತ ತೆಗೆಯುವ ಶಿಬಿರವನ್ನು ಹಾಲಿನ ಡೈರಿಯಲ್ಲಿ ಇಟ್ಟುಕೊಳ್ಳಬಾರದಿತ್ತು. ಈ ಬುದ್ಧಿ ನನಗೆ ಬಂದದ್ದು ಎಲ್ಲ ಕೆಟ್ಟ ಮೇಲೆ. ನಾಗಮಂಗಲ ತಾಲ್ಲೂಕಿನ ಆ ಊರಿನಲ್ಲಿ ಕರೆಂಟು, ಫ್ರಿಜ್ಜು, ಸಾಲಾಗಿ ನಿಲ್ಲುವ ಜನ ಮೂರೂ ಸಿಗುವ ಜಾಗ ಅದೊಂದೇ ಎಂದು ನಾನೇ ಹಟ ಹಿಡಿದಿದ್ದೆ. ನಾನೂ ಶ್ರೀರಂಗಪಟ್ಟಣದ ಕಡೆಯವಳೇ, ಡೈರಿಗೆ ಹಾಲು ಹಾಕಿಯೇ ಬೆಳೆದವಳು. ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ನಾನು ಪಾರ್ಕಿನ್ಸನ್ಸ್ ಕಾಯಿಲೆಯ ಡಾಕ್ಟರು. ಅರ್ಧ ದಿನ ರೋಗಿಗಳನ್ನು ನೋಡುತ್ತೇನೆ, ಇನ್ನರ್ಧ ದಿನ ಲ್ಯಾಬಿನಲ್ಲಿ ಒಂದು ಪ್ರೋಟೀನಿನ ಬೆನ್ನು ಹತ್ತಿರುತ್ತೇನೆ. ಅದು ಮೆದುಳಿನ ಕೋಶಗಳನ್ನು ಸಾಯದಂತೆ ಕಾಯುತ್ತದೆ, ಈ ಕಾಯಿಲೆಯವರಲ್ಲಿ ಕಡಿಮೆ ಇರುತ್ತದೆ ಎಂಬುದು ನಮ್ಮ ಊಹೆ. ಊಹೆ ನಿಜವೋ ಸುಳ್ಳೋ ನೋಡಲು ರೋಗಿಗಳ ರಕ್ತವೂ ಬೇಕು, ಅದೇ ಮನೆಯ ಗಟ್ಟಿಮುಟ್ಟಾದವರ ರಕ್ತವೂ ಬೇಕು. ಗುಟ್ಟು ಕಾಯುವ ನಿಯಮದಂತೆ ಟ್ಯೂಬಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ. ರಕ್ತ ತೆಗೆಯುತ್ತಿದ್ದ ಟೆಕ್ನಿಷಿಯನ್ ಆ ನಂಬರನ್ನೇ ನೋಡುತ್ತಿದ್ದ, ಮುಖ ನೋಡುತ್ತಿರಲಿಲ್ಲ.

ಒಪ್ಪಿಗೆಯ ಕಾಗದವನ್ನು ಎಲ್ಲರಿಗೂ ಓದಿ ಹೇಳಿದ ಮೇಲೆ, ಜನ ಹಾಲಿನ ಕ್ಯಾನು ಹಿಡಿದು ನಿಲ್ಲುವ ಹಾಗೆಯೇ ತಮ್ಮ ತಮ್ಮ ಟ್ಯೂಬು ಹಿಡಿದು ನಿಂತರು. ರಕ್ತ ಕೊಟ್ಟ ಮೇಲೂ ಜಾಗ ಬಿಟ್ಟು ಕದಲಲಿಲ್ಲ.

“ಚೀಟಿ ಕೊಡಿ ಡಾಕ್ಟ್ರಮ್ಮ.”

“ಯಾವ ಚೀಟಿ?”

“ನಮ್ದು ಎಷ್ಟ್ ಡಿಗ್ರಿ ಬಂತು ಅಂತ.”

ಡೈರಿಯಲ್ಲಿ ಹಾಲು ಎಷ್ಟು ಗಟ್ಟಿ ಎಂದು ಅಳೆದು, ಡಿಗ್ರಿ ಬರೆದು ಚೀಟಿ ಕೊಡುತ್ತಾರೆ; ರಕ್ತಕ್ಕೆ ಡಿಗ್ರಿ ಇಲ್ಲ ಎಂದರೆ ಯಾರು ನಂಬುತ್ತಾರೆ? “ಅಂಗಾರೆ ಅಳೀದೇ ತಕ್ಕಂಡೋಯ್ತೀರಾ?” ಎಂದು ಒಬ್ಬ ಜಗಳಕ್ಕೇ ನಿಂತ. ರೇಗಿಹೋಗಿ, ಒಬ್ಬೊಬ್ಬರಿಗೂ ‘ರಕ್ತ ತಲುಪಿದೆ’ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಮೂರು ತಿಂಗಳಾದ ಮೇಲೆ ಫಲಿತಾಂಶ ಬಂತು. ಹತ್ತೊಂಬತ್ತನೇ ನಂಬರು ಎಂಟು ವರ್ಷದಿಂದ ಕೈ ನಡುಗುತ್ತಿದ್ದ ಒಬ್ಬ ಹೆಂಗಸು. ಆಯಮ್ಮನ ರಕ್ತದಲ್ಲಿ ಪ್ರೋಟೀನು ತುಂಬಿ ತುಳುಕುತ್ತಿತ್ತು! ನಾನು ಲ್ಯಾಬಿನಲ್ಲಿ ನಾಚಿಕೆ ಬಿಟ್ಟು ಕುಣಿದೆ. ಕಾಯಿಲೆಯ ಮೈಯೂ ಈ ಪ್ರೋಟೀನನ್ನು ಇಷ್ಟು ತಯಾರಿಸಬಲ್ಲದು ಎಂದು ಇನ್ನೊಮ್ಮೆ ಪರೀಕ್ಷೆ ಮಾಡಿ ಖಾತ್ರಿಯಾದರೆ ಔಷಧಿಗೆ ದಾರಿ ಸಿಕ್ಕಂತೆ, ಇಷ್ಟು ವರ್ಷ ಮಣ್ಣು ಹೊತ್ತದ್ದು ಸಾರ್ಥಕ. ಮಾರನೇ ದಿನವೇ ಹೊರಟು, ಬೆಳ್ಳೂರು ಕ್ರಾಸಿನಲ್ಲಿ ಎರಡು ಮಸಾಲೆ ದೋಸೆ ತಿಂದೆ. ಒಂದು ನನ್ನದು, ಇನ್ನೊಂದು ಪ್ರೋಟೀನಿನದು.

ಆಯಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಡುಗಿ ಕಾಳು ಮೊರದ ಆಚೆ ಬೀಳುತ್ತಿತ್ತು, ಗಂಡ ಆರಿಸಿ ಒಳಗೆ ಹಾಕುತ್ತಿದ್ದರು. ಗಟ್ಟಿಮುಟ್ಟಾದವರ ಪಟ್ಟಿಯಲ್ಲಿ ಹದಿನೆಂಟನೇ ನಂಬರು ಅವರದೇ.

“ಅಮ್ಮಾವ್ರ ರಕ್ತ ಇನ್ನೊಂದ್ಸಲ ಬೇಕಿತ್ತು” ಎಂದೆ.

ಗಂಡ ಎದ್ದು, ಅಂಗಿ ತೋಳು ಮಡಿಸಿ, ತಮ್ಮ ಕೈ ಚಾಚಿದರು. “ಈ ಸಲ ಯಾವ್ ಕೈದು ಕಣವ್ವ? ಓದ್ಸಲ ನಂದು ಎಡಗೈದು, ಇವಳ್ದು ಬಲಗೈದು ಕೊಟ್ಟಿದ್ದೆ.”

ಬ್ಯಾಗಿನಿಂದ ತೆಗೆದ ಸೂಜಿಯನ್ನು ಹಾಗೇ ಕೆಳಗಿಟ್ಟೆ. “ಅವರದನ್ನೂ ನೀವೇ ಕೊಟ್ರಾ?”

“ಇನ್ನೇನ್ ಮಾಡನೆ? ಇವಳ್ದು ಡಿಗ್ರಿ ಬರ್ದೆ ವಾಪಸ್ ಕಳುಸ್ಬುಟ್ರೆ? ತೆಳು ಆಲಿಗೆ ಎಮ್ಮೆ ಆಲು ಸೇರ್ಸಿದ್ರೆ ಡೈರೀಲಿ ಪಾಸಾಯ್ತದಲ್ವಾ, ಅಂಗೆ. ಪಾಸಾದೋರ್ಗೆ ತಾನೆ ನೀವು ಔಷ್ದಿ ಕೊಡೋದು?” ಎಮ್ಮೆ ತಾವೇ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಆಮೇಲೆ ಆಸೆಯಿಂದ ಕೇಳಿದರು, “ಪಾಸಾಯ್ತಾ?”

ಅಯ್ಯೋ ಶಿವನೇ! ನಾನು ಅಷ್ಟೆಲ್ಲ ಕುಣಿದದ್ದು ಈ ಯಜಮಾನರ ಬಲಗೈಗೆ. ಸಿಟ್ಟು ಬಂತು, ನಗು ಬಂತು, ಪ್ರೋಟೀನಿನ ಹೆಸರಲ್ಲಿ ತಿಂದ ದೋಸೆಯೂ ದಂಡವಾಯಿತು. ಆದರೆ ಆ ಮುಖ ನೋಡಿ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಯಜಮಾನ್ರೇ, ಔಷಧಿ ಇನ್ನೂ ಇಲ್ಲ. ಯಾವತ್ತು ಬರುತ್ತೋ ನನಗೂ ಗೊತ್ತಿಲ್ಲ. ಬಂದರೂ ಅಮ್ಮಾವ್ರ ಕಾಲಕ್ಕೆ ಬರುತ್ತೆ ಅಂತ ಹೇಳಲಾರೆ.”

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೇ ಮರೆತರು.

ಆಯಮ್ಮ ಮೊರ ಬದಿಗಿಟ್ಟು, ಸೆರಗು ಸರಿಸಿ, ತಮ್ಮ ತೋಳನ್ನು ನನ್ನ ಮುಂದೆ ಮಾಡಿದರು. “ತಕ್ಕಳಿ ಡಾಕ್ಟ್ರಮ್ಮ. ಔಷ್ದಿ ಇಲ್ಲ ಅಂತ ಆವತ್ತೇ ಕಾಗ್ದ ಓದಿ ಯೋಳಿದ್ರಲ್ಲ ನೀವು. ಇವ್ರ ಕಿವೀಗೆ ಬಿದ್ರೆ ತಾನೆ? ನಂಗೆ ಗೊತ್ತಿತ್ತು.”

ಯಜಮಾನರು ಕೆರಳಿಬಿಟ್ಟರು. “ಗೊತ್ತಿದ್ದೂ ನನ್ ಎಲ್ಡು ಕೈಗೂ ಚುಚ್ಚುಸ್ಬುಟ್ಟಲ್ಲಮ್ಮಿ! ಇವತ್ತಿನ್ಗಂಟ ಬಾಯೂ ಬುಡ್ನಿಲ್ವಲ್ಲ!”

ಆಯಮ್ಮ ಅವರ ಕಡೆ ತಿರುಗಲಿಲ್ಲ, ನನಗೇ ಹೇಳಿದರು. “ಆವತ್ತು ಡೈರಿಯಿಂದ ಮನೆಗಂಟ ಶಿಳ್ಳೆ ಹೊಡ್ಕಂಡು ಬಂದ್ರು ಕಣವ್ವ. ನಂಗೆ ಕಾಯ್ಲೆ ಬಂದ್ಮೇಲೆ ಅದೇ ಮೊದ್ಲು. ಎಂಗ್ ಯೋಳ್ಲಿ?”