ಸೇಂದಿ ಇಲ್ಲದ ಸೇಂದಿ ಅಂಗಡಿ

ಹೊನ್ನೂರಮ್ಮ ಯಾವ ಗಂಡಸನ್ನೂ ಹೆಸರು ಹಿಡಿದು ಕರೆದವಳಲ್ಲ. ಅವನು ಕೂತು ಕುಡಿಯುತ್ತಿದ್ದ ಜಾಗವೇ ಅವಳಿಗೆ ಅವನ ಹೆಸರು. ಸಿರುಗುಪ್ಪದಿಂದ ಕೂಲಿಗೆ ಬಂದಿದ್ದ ಒಬ್ಬ ‘ಬೇವಿನ ಬುಡ’, ಇನ್ನೊಬ್ಬ ‘ಬಾಗಿಲ ಸಂದಿ’. ನನ್ನ ಗಂಡ ಮಾರೆಪ್ಪ ಗೋಡೆಗೆ ಒರಗಿ ಕುಡಿಯುತ್ತಿದ್ದವನು, ಅವನು ‘ಗ್ವಾಡಿ ಮೂಲಿ’. ನಾನು ಕುರುಗೋಡಿನಿಂದ ಮದುವೆಯಾಗಿ ಬಳ್ಳಾರಿಗೆ ಬಂದ ಹೊಸದರಲ್ಲಿ ಸಂತೆಯಲ್ಲಿ ಸಿಕ್ಕು, ಮೇಲಿಂದ ಕೆಳಗೆ ನೋಡಿ, "ಗ್ವಾಡಿ ಮೂಲಿ ಹೇಣ್ತಿ ನೀನೇನು? ಗ್ವಾಡಿ ಬಿದ್ದರೂ ಅವ ಏಳಂಗಿಲ್ಲವ್ವ" ಅಂದಳು. ಹಾಗಂದು ನನಗೇ ಎರಡು ಬದನೆಕಾಯಿ ಕೊಟ್ಟು ಹೋದಳು.

ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಸೇಂದಿ ಅಂಗಡಿ. ಗಂಡ ಸತ್ತ ಮೇಲೆ ತಾನೇ ನಡೆಸಿದಳು. ದಪ್ಪ ಹೆಂಗಸು, ಎಡಗಣ್ಣಿನಲ್ಲಿ ಹೂವು, ದವಡೆಯಲ್ಲಿ ಹೊಗೆಸೊಪ್ಪು. ಸ್ವಾತಂತ್ರ್ಯ ಬರುವ ಆಜುಬಾಜಿನಲ್ಲಿ ಆಗ ನಮ್ಮನ್ನಾಳುತ್ತಿದ್ದ ಮದ್ರಾಸ್ ಸರ್ಕಾರ ನಮ್ಮ ಜಿಲ್ಲೆಯಲ್ಲಿ ಸೇಂದಿ, ಸಾರಾಯಿ ಎರಡನ್ನೂ ಬಂದ್ ಮಾಡಿತು. ಅವಳು ಕದ್ದು ಮಾರಿ ಜೈಲಿಗೆ ಹೋದಳು. ನನ್ನ ಗಂಡ ಕದ್ದು ಕುಡಿದು ಅಲ್ಲಿಗೇ ಹೋದ.

ಎರಡು ತಿಂಗಳಿಗೆ ಅವನು ಹೊರಗೆ ಬಂದಾಗ ನಾನು ಬಸುರಿ. ದಿನಾ ಸಂಜೆ ಠಾಣೆಗೆ ಹೋಗಿ ಮುಖ ತೋರಿಸಬೇಕೆಂದು ಹುಕುಂ ಆಗಿತ್ತು. ಇನ್ನೊಂದು ಕೇಸಾದರೆ ಈ ಸಲ ಬೇಗ ಬಿಡುವುದಿಲ್ಲ ಅಂದಿದ್ದರು. ಅವನು ದುಡಿಯುತ್ತಿದ್ದ ಹತ್ತಿ ಪ್ರೆಸ್ಸಿನ ಸಾಹುಕಾರನೂ ಹೇಳಿದ್ದ, ಮತ್ತೆ ಜೈಲು ಅಂದರೆ ಕೆಲಸವೂ ಇಲ್ಲ, ಕೂಲಿ ಲೈನಿನ ಕೋಣೆಯೂ ಇಲ್ಲ. ತವರಿನಲ್ಲಿ ಬಾಗಿಲು ತೆಗೆಯುವವರು ಯಾರೂ ಉಳಿದಿರಲಿಲ್ಲ. ಆ ಕೋಣೆ ಬಿಟ್ಟರೆ ನನಗೆ ಬೀದಿ. ಠಾಣೆಯಿಂದ ಮನೆಗೆ ಬರುವ ದಾರಿಯಲ್ಲೇ ಕಳ್ಳ ಸಾರಾಯಿ ಸಿಗುತ್ತಿತ್ತು, ಅದೂ ಸರಿಯಾಗಿ ಅವನ ಕೈ ನಡುಗುವ ಹೊತ್ತಿಗೆ.

ಹೊನ್ನೂರಮ್ಮ ಜೈಲಿನಿಂದ ಬಂದವಳೇ ಅಂಗಡಿ ತೆರೆದಳು. ಅದೇ ಅಂಗಳ, ಸೇಂದಿ ಕುಡಿಯುವ ಅದೇ ಮಣ್ಣಿನ ಮುಂತ, ಅದೇ ಉಪ್ಪು ಶೇಂಗಾ, ಅದೇ ಬೈಗುಳ. ಮುಂತದೊಳಗೆ ಮಾತ್ರ ಹುಳಿ ಬರಿಸಿದ ಜೋಳದ ಅಂಬಲಿ. ಜೈಲು ಕಂಡು ಬಂದ ಅವಳ ಹಳೆಯ ಗಿರಾಕಿಗಳು ಹೊತ್ತು ಇಳಿಯುವಾಗ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರಬೇಕು. ಅವಳು ಅಗಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಉಣ್ಣುವ ಹೊತ್ತಾಗುವ ತನಕ ಯಾರೂ ಏಳುವ ಹಾಗಿಲ್ಲ.

"ಲೇ ಬೇವಿನ ಬುಡ, ಕುಂದ್ರಲೇ! ಎಲ್ಲಿಗೆ ಎದ್ದಿ?"

"ಮೈ ಉರಿತೈತಿ ಅಕ್ಕಾ, ಒಂದೀಟು ಹೊರಗ ಬಿಡು."

"ಉರಿಯಾಕ ಹೊರಗ್ಯಾಕ ಹೋಗಬೇಕು? ಇಲ್ಲೇ ಉರಿ."

ಒಂದು ಸಂಜೆ ನನ್ನ ಗಂಡ ತಲೆಯನ್ನು ಗೋಡೆಗೆ ಚಚ್ಚಿಕೊಂಡ. ಅವಳು ಏಳಲೂ ಇಲ್ಲ. "ಗ್ವಾಡಿ ನಂದು. ಕೆಡವಿದಿ ಅಂದ್ರ ನೀನ ಕಟ್ಟಿಕೊಡಬೇಕು ನೋಡು." ಉಳಿದವರು ನಕ್ಕರು. ಅವನೂ ಅಳುತ್ತಾ ನಕ್ಕ.

ಇದೆಲ್ಲ ಅಂಗಡಿಯ ವೇಷ ಯಾಕೆ, ಸುಮ್ಮನೆ ಮನೆಯಲ್ಲಿ ಕೂಡಿಹಾಕಿದರೆ ಆಗದೇ ಎಂದು ಕೇಳಿದೆ.

"ಕುಡಿಯೋದು ಬಿಡ್ತಾರವ್ವ. ಸಂಜಿ ಹೆಂಗ ಬಿಡ್ತಾರ? ಅದು ದಿನಾ ಬರ್ತೈತಲ್ಲ. ಕುಡಿಸಿದಾಕಿ ನಾನು, ಬಿಡಿಸಾಕ ಇನ್ನ್ಯಾರು ಬರಬೇಕು?"

ಠಾಣೆಗೂ ಅವಳೇ ಹೋದಳು. "ನಿಮ್ಮ ಹಾಜರಿ ನಮ್ಮ ಅಂಗಳದಾಗ ತಗೋರಿ ಸಾಹೇಬ್ರ. ಇವರು ನಿಮಗ ಮುಖ ತೋರಿಸಾಕ ಬಂದು ಕೆಡಾಕತ್ತಾರ." ದಫೇದಾರ ಖಾಸಿಂ ಸಾಬರು ನಕ್ಕು ಒಪ್ಪಿದರು. ಸಂಜೆ ಬಂದು ಮುಖಗಳನ್ನು ನೋಡಿ, ಒಂದು ಮುಂತ ಅಂಬಲಿ ಕುಡಿದು, ಮೀಸೆ ಒರೆಸಿಕೊಂಡು ಹೋಗುತ್ತಿದ್ದರು.

ಗಂಡನ ಕೈ ನಡುಕ ನಿಂತಿತು. ಆದರೆ ನಾನೂ ಆ ಅಂಗಳದಲ್ಲೇ ಒಲೆಯ ಮುಂದೆ ಅಂಬಲಿ ಕಾಸುತ್ತಾ ಇದ್ದೆ. ಕೂಸು ಹುಟ್ಟಿದ ಮೇಲೆ ಅದನ್ನೂ ಮಡಿಲಲ್ಲಿ ಇಟ್ಟುಕೊಂಡು ಅಲ್ಲೇ. ಹೊಗೆ, ಗಂಡಸರ ಬೆವರು, ಮುಚ್ಚಿದ ಬಾಗಿಲು. ಒಂದು ದಿನ ತಡೆಯಲಾರದೆ ಅಂದೆ, "ನಾನೇನು ಕುಡದೀನೇನು? ನನ್ನನ್ನಾರ ಬಿಡು."

"ನೀ ಹೋದ್ರ ಅವ ಯಾರಿಗೆ ಅಂಜಿ ಕುಂದರ್ತಾನ? ತಿರುವು, ತಳ ಹತ್ತೀತು."

ಬೇಸಿಗೆಯಲ್ಲಿ ಹೊಸ ಸಬ್ ಇನ್‌ಸ್ಪೆಕ್ಟರ್ ಬಂದ. ತೆಲುಗಿನವನು, ಊರಿಗೆ ಹೊಸಬ. ಗೋಡೆಯ ಮೇಲಿಂದ ಇಣುಕಿದ. ಮುಂತ ಹಿಡಿದ ಗಂಡಸರು, ಶೇಂಗಾ, ಹಾಡು, ಹುಳಿ ವಾಸನೆ. ಬಾಗಿಲು ಮುರಿಸಿದ. ಅಂಬಲಿ ಅಂಬಲಿ ಎಂದು ಎಲ್ಲರೂ ಕೂಗಿದೆವು. ಸೇಂದಿ ಅಂಗಡಿಯಲ್ಲಿ ಅಂಬಲಿಯೇ ಎಂದು ಅವನು ನಕ್ಕ. ನನ್ನನ್ನು ಕೂಸಿನ ಸಮೇತ ಬೀದಿಗೆ ತಳ್ಳಿ, ಅಂಬಲಿಯ ಗಡಿಗೆಗೆ ಅರಗಿನ ಮುದ್ರೆ ಹಾಕಿಸಿ, ಉಳಿದವರನ್ನೆಲ್ಲ ಹೊಡೆದುಕೊಂಡು ಹೋದ.

ಬಳ್ಳಾರಿ ಬಿಸಿಲು. ಗಡಿಗೆ ವಾರಗಟ್ಟಲೆ ಠಾಣೆಯಲ್ಲಿ ಕುದ್ದಂತೆ ಕೂತಿತು. ಕೋರ್ಟಿನಲ್ಲಿ ಮುದ್ರೆ ಒಡೆದಾಗ ಮ್ಯಾಜಿಸ್ಟ್ರೇಟರು ಮೂಗಿಗೆ ಕರವಸ್ತ್ರ ಹಿಡಿದು, "ಇದಿ ಅಂಬಲಾ?" ಎಂದು ತೆಲುಗಿನಲ್ಲಿ ಕೇಳಿದರು. ಸುಳ್ಳು ಯಾಕೆ ಹೇಳಲಿ, ಕಾಸಿದ ನಾನೇ ಮೂಸಿದ್ದರೂ ಸೇಂದಿ ಅನ್ನುತ್ತಿದ್ದೆ. ಅದು ಸೇಂದಿಯಾದರೆ ಅಲ್ಲಿ ನಿಂತಿದ್ದವರಿಗೆಲ್ಲ ಎರಡನೆಯ ಕೇಸು. ನನ್ನ ಗಂಡ ಗೋಡೆ ಹುಡುಕುವವನಂತೆ ಹಿಂದಕ್ಕೆ ಸರಿಯುತ್ತಿದ್ದ.

ಹೊನ್ನೂರಮ್ಮ ಮುಂದೆ ಬಂದು ಗಡಿಗೆಯೊಳಗೆ ಇಣುಕಿದಳು.

"ಸೇಂದಿನೇ ಸ್ವಾಮಿ. ನನಗಂತ ಇಟ್ಕೊಂಡಿದ್ದೆ. ಇವರಿಗೆ ಒಂದು ಹನಿ ಕೊಟ್ಟಿಲ್ಲ. ಇವರು ಬಂದಿದ್ದು ಹಾಜರಿಗೆ, ದಫೇದಾರ್ರನ್ನ ಕೇಳ್ರಿ."

ಬೇವಿನ ಬುಡ ಬಾಯಿ ತೆರೆದ. ಅವಳು ತಿರುಗಿ ನೋಡಿದ ನೋಟಕ್ಕೇ ಮುಚ್ಚಿದ. ಖಾಸಿಂ ಸಾಬರು ನೆಲ ನೋಡುತ್ತಾ, ಹೌದು, ಹಾಜರಿಗೆ ಬರುತ್ತಿದ್ದರು ಎಂದರು. ತಾವು ಕುಡಿದ ಅಂಬಲಿಯ ಮಾತು ಎತ್ತಲಿಲ್ಲ. ಗಂಡಸರನ್ನು ಬಿಟ್ಟರು. ಅವಳನ್ನು ಒಯ್ದರು.

ಒಂದು ಮಧ್ಯಾಹ್ನ ಜೈಲಿಗೆ ಹೋಗಿ ಅವಳನ್ನು ನೋಡಿದೆ. ಕಂಬಿಯ ಆಚೆ ಸೊರಗಿದ್ದಳು, ಮುಖ ಮಾತ್ರ ತಿಳಿಯಾಗಿತ್ತು.

"ಗಂಡನ್ನ ಎಲ್ಲಿ ಬಿಟ್ಟು ಬಂದಿ?"

"ಪ್ರೆಸ್ಸಿನಾಗ ಅದಾನ. ಸಂಜಿಗೆ ಬರ್ತಾನ. ನೀ ಯಾವಾಗ ಬರ್ತಿ? ಎಲ್ಲರೂ ಕೇಳ್ತಾರ."

"ನಾ ಬರಂಗಿಲ್ಲ. ಬಿಟ್ಟ ಮ್ಯಾಲ ತೆಕ್ಕಲಕೋಟಿಗೆ, ತಂಗಿ ಮನಿಗೆ ಹೋಗ್ತೀನಿ. ಇಲ್ಲಿ ಸಂಜಿ ಆದ್ರ ಬಾಗಿಲ ಬ್ಯಾರೆಯವರು ಹಾಕ್ತಾರ. ನಾ ಕಾಲ ಚಾಚಿ ಮಕ್ಕೊಂತೀನಿ. ಹಿಂಗ ಮಕ್ಕೊಂಡು ಎಷ್ಟು ದಿನ ಆಗಿತ್ತು!"

"ಮತ್ತ ನಾ ಏನು ಮಾಡ್ಲಿ?"

"ಹೊತ್ತು ಇಳಿಯಾಕತ್ತೈತಿ, ಹೋಗು."

ಕೂಸನ್ನು ಕಂಕುಳಿಗೆ ಏರಿಸಿಕೊಂಡು ಓಡಿದೆ. ಅವನು ಬರುವುದರೊಳಗೆ ಅಂಬಲಿ ಇಟ್ಟೆ, ಅವನು ಬಂದ ಮೇಲೆ ಬಾಗಿಲು ಹಾಕಿ ಅಡ್ಡ ಕೂತೆ. ಅವನು ಮತ್ತೆ ಕುಡಿಯಲಿಲ್ಲ. ಕೆಲಸ ಉಳಿಯಿತು, ಕೋಣೆಯೂ ಉಳಿಯಿತು. ಹೊನ್ನೂರಮ್ಮ ತೆಕ್ಕಲಕೋಟೆಯಲ್ಲಿ ಇದ್ದಾಳೆಂದು ಕೇಳಿದ್ದೆ, ಆಮೇಲೆ ತೀರಿಹೋದಳೆಂದೂ ಕೇಳಿದೆ. ನೋಡಲು ಹೋಗಲಾಗಲಿಲ್ಲ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮನೆ ಸೇರಿಸುವ ಬಸ್ಸು ಆಗ ಇರಲಿಲ್ಲ.